ಲಾಠಿ ಏಟಿನ ನಂತರದ ಇಪ್ಪತ್ನಾಲ್ಕು ಗಂಟೆ
ಓದುಗರ ಪ್ರಶ್ನೆಗಳಿಗೆ ಉತ್ತರ

ಮುಷ್ಕರ ಹೂಡಿದ ಕಾರ್ಮಿಕರ ಮೇಲೆ, ಅವರ ಪರವಾಗಿ ನಿಂತ ಕಾರ್ಯಕರ್ತರ ಮೇಲೆ ಪೊಲೀಸರು ಕೈಮಾಡಿದಾಗ ಕಾನೂನು ಯಾರ ಕಡೆ ಇರುತ್ತದೆ ಎಂದು ಕೇಳಿ ಈ ತಿಂಗಳು ಬಂದ ಪತ್ರಗಳು ಸಾಕಷ್ಟಿವೆ. ಕೆಲವರದು ಸಂಕಟ, ಕೆಲವರದು ಆಕ್ಷೇಪ. ಎರಡೂ ಬಗೆಯ ಪತ್ರಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರು ಪಿಎಫ್ ವಿಚಾರವಾಗಿ ರಸ್ತೆಗಿಳಿದಾಗ ನಡೆದ ಲಾಠಿ ಪ್ರಹಾರವನ್ನು ಟಿವಿಯಲ್ಲಿ ನೋಡಿದ್ದೆ. ಆಗ ನಾನು ಪಿಯುಸಿ ವಿದ್ಯಾರ್ಥಿನಿ. ರಸ್ತೆ ತಡೆದವರನ್ನು ಹೊಡೆಯುವ ಅಧಿಕಾರ ಪೊಲೀಸರಿಗೆ ನಿಜವಾಗಿಯೂ ಇದೆಯೇ?
– ಓದುಗರೊಬ್ಬರು, ಮದ್ದೂರು

ಉತ್ತರ: ಗುಂಪನ್ನು ಚದುರಿಸುವ ಅಧಿಕಾರ ಇದೆ. ಗುಂಪಿನಲ್ಲಿದ್ದವರನ್ನು ಶಿಕ್ಷಿಸುವ ಅಧಿಕಾರ ಇಲ್ಲ. ಲಾಠಿ ಪ್ರಹಾರದ ಬಗೆಗಿನ ಕಾನೂನೆಲ್ಲ ಈ ಎರಡರ ನಡುವಿನ ಗೆರೆಯ ಮೇಲೆ ನಿಂತಿದೆ.

ನೀವು ನೋಡಿದ ದೃಶ್ಯದ ಹಿನ್ನೆಲೆಯನ್ನು ಮೊದಲು ಹೇಳುತ್ತೇನೆ. 2016ರ ಫೆಬ್ರುವರಿ 10ರಂದು ಕೇಂದ್ರ ಕಾರ್ಮಿಕ ಸಚಿವಾಲಯವು ಭವಿಷ್ಯ ನಿಧಿ ಯೋಜನೆಗೆ ತಿದ್ದುಪಡಿ ತಂದು, ಮಾಲೀಕರ ಪಾಲಿನ ವಂತಿಗೆಯನ್ನು 58 ವರ್ಷ ತುಂಬುವವರೆಗೆ ಹಿಂಪಡೆಯುವಂತಿಲ್ಲ ಎಂದಿತು. ಸಂಬಳದ ನೌಕರಿಯಲ್ಲಿ ನೆಮ್ಮದಿಯಾಗಿರುವವರಿಗೆ ಇದು ಲೆಕ್ಕಪತ್ರದ ಸಣ್ಣ ಬದಲಾವಣೆಯಾಗಿ ಕಂಡಿರಬಹುದು. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಅದು ಹಾಗಿರಲಿಲ್ಲ. ಕೆಲವು ವರ್ಷ ದುಡಿದು, ಕೆಲಸ ಬಿಟ್ಟು, ಪಿಎಫ್ ದುಡ್ಡು ತೆಗೆದು, ಮಗಳ ಮದುವೆಗೋ ಮಗನ ಕಾಲೇಜು ಫೀಸಿಗೋ ಊರಿನ ಸಾಲಕ್ಕೋ ಹಾಕಿ, ಮತ್ತೊಂದು ಕಾರ್ಖಾನೆಯಲ್ಲಿ ಹೊಸದಾಗಿ ಸೇರಿಕೊಳ್ಳುವುದು ಅವರಲ್ಲಿ ಬಹುಕಾಲದ ರೂಢಿ. 58ರವರೆಗೆ ಹೊಲಿಗೆ ಯಂತ್ರದ ಮುಂದೆ ಕೂರಲು ಅವರ ಕಣ್ಣು, ಸೊಂಟಗಳು ಬಿಡುವುದಿಲ್ಲವೆಂಬುದು ಅವರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಏಪ್ರಿಲ್ 18ರಂದು ಬೊಮ್ಮನಹಳ್ಳಿಯ ಕಡೆಯಿಂದ ಅವರು ಹೊಸೂರು ರಸ್ತೆಗೆ ಬಂದಾಗ ಯಾವ ದೊಡ್ಡ ಸಂಘಟನೆಯ ಕರೆಯೂ ಅದರ ಹಿಂದೆ ಇರಲಿಲ್ಲ. ಮರುದಿನ ಪ್ರತಿಭಟನೆ ನಗರದ ಇತರ ಹೆದ್ದಾರಿಗಳಿಗೂ ಹಬ್ಬಿತು. ಲಾಠಿ, ಅಶ್ರುವಾಯು ಪ್ರಯೋಗವಾಯಿತು, ಬಸ್ಸುಗಳಿಗೆ ಬೆಂಕಿ ಬಿತ್ತು, ಹೆಬ್ಬಗೋಡಿ ಪೊಲೀಸ್ ಠಾಣೆಯ ಮೇಲೆ ದಾಳಿಯೂ ನಡೆಯಿತು. ಏಪ್ರಿಲ್ 19ರಂದೇ ಕೇಂದ್ರ ಸರ್ಕಾರ ಆ ತಿದ್ದುಪಡಿಯನ್ನು ಹಿಂತೆಗೆದುಕೊಂಡಿತು. ದೇಶದ ಕೋಟ್ಯಂತರ ಪಿಎಫ್ ಸದಸ್ಯರಿಗೆ ಇದರ ಪ್ರಯೋಜನ ದೊರೆಯಿತು, ಏಟು ಮಾತ್ರ ಈ ಹೆಣ್ಣುಮಕ್ಕಳ ಬೆನ್ನಿಗೆ ಬಿತ್ತು. ಈ ಮಾತನ್ನು ನಾನು ಅವಕಾಶ ಸಿಕ್ಕಾಗಲೆಲ್ಲ ಹೇಳುತ್ತೇನೆ, ಏಕೆಂದರೆ ಅಂದು ಅವರನ್ನು ಗಲಭೆಕೋರರೆಂದು ಕರೆದವರ ಪೈಕಿ ಎಷ್ಟೋ ಮಂದಿ ಆ ಹೋರಾಟದ ಫಲಾನುಭವಿಗಳೇ ಆಗಿದ್ದರು.

ಇನ್ನು ಕಾನೂನು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಮು (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 129ನೇ ಕಲಮು) ಗುಂಪು ಚದುರಿಸುವ ಕ್ರಮವನ್ನು ಹೇಳುತ್ತದೆ. ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಅಥವಾ ಠಾಣಾಧಿಕಾರಿ, ಅವರಿಲ್ಲದಿದ್ದರೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕಡಿಮೆಯಿಲ್ಲದ ಅಧಿಕಾರಿ, ಗುಂಪಿಗೆ ಮೊದಲು ಚದುರುವಂತೆ ಆದೇಶ ನೀಡಬೇಕು. ಗುಂಪು ಚದುರದಿದ್ದರೆ, ಅಥವಾ ಚದುರುವುದಿಲ್ಲವೆಂದು ನಡವಳಿಕೆಯಲ್ಲೇ ತೋರಿಸಿದರೆ, ಬಲಪ್ರಯೋಗದ ಮಾತು ಬರುತ್ತದೆ. ಆ ಬಲ ಚದುರಿಸಲು ಬೇಕಾದಷ್ಟೇ ಇರಬೇಕು. ಏಟು ತಲೆಗೆ, ಕೊರಳೆಲುಬಿಗೆ ಬೀಳಬಾರದೆಂಬುದು ಪೊಲೀಸ್ ತರಬೇತಿಯಲ್ಲೇ ಕಲಿಸುವ ನಿಯಮ. ಹೀಗಿರುವಾಗ ಓಡುತ್ತಿರುವವನ ಬೆನ್ನಟ್ಟಿ ಹೊಡೆಯುವುದು, ನೆಲಕ್ಕೆ ಬಿದ್ದವಳ ಸುತ್ತ ನಾಲ್ವರು ನಿಂತು ಬಡಿಯುವುದು, ಹಿಡಿದು ಕೂರಿಸಿದ ಮೇಲೆ ವ್ಯಾನಿನೊಳಗೆ ಹೊಡೆಯುವುದು – ಇವು ಯಾವುವೂ ಚದುರಿಸುವ ಕೆಲಸಕ್ಕೆ ಸೇರಿದವಲ್ಲ. ಚದುರಿ ಹೋಗುತ್ತಿರುವವರನ್ನು ಇನ್ನು ಚದುರಿಸುವುದು ಏನಿದೆ?

2016ರಲ್ಲಿ ಸುಪ್ರೀಂ ಕೋರ್ಟ್ ಅನಿತಾ ಠಾಕೂರ್ ಪ್ರಕರಣದಲ್ಲಿ ಇದನ್ನೇ ಸ್ಪಷ್ಟಪಡಿಸಿತು. ಜಮ್ಮುವಿನ ಕಡೆ 2007ರಲ್ಲಿ ನಡೆದ ಮೆರವಣಿಗೆಯೊಂದರಲ್ಲಿ ಪ್ರತಿಭಟನಾಕಾರರೂ ಶಾಂತಿ ಮೀರಿದ್ದರೆಂದು ಒಪ್ಪಿಕೊಂಡೇ, ಪರಿಸ್ಥಿತಿ ಹಿಡಿತಕ್ಕೆ ಬಂದ ಮೇಲೂ ಮುಂದುವರಿದ ಬಲಪ್ರಯೋಗ ಮೂಲಭೂತ ಹಕ್ಕುಗಳ ಉಲ್ಲಂಘನೆಯೆಂದು ಹೇಳಿ ಪರಿಹಾರ ಕೊಡಿಸಿತು. ಅವರು ಮೊದಲು ಕಲ್ಲೆಸೆದರು ಎಂಬ ಸಮರ್ಥನೆ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಈ ತೀರ್ಪು ಒಳ್ಳೆಯ ಅಳತೆ.

ಪ್ರಶ್ನೆ: ಮುಷ್ಕರವೇ ಕಾನೂನುಬಾಹಿರವಾಗಿದ್ದರೆ ಪೊಲೀಸರು ಬಲ ಬಳಸುವುದು ಸರಿಯಲ್ಲವೇ? ಹೊಸ ಕಾರ್ಮಿಕ ಸಂಹಿತೆ ಬಂದ ಮೇಲೆ ಮುಷ್ಕರದ ಹಕ್ಕೇ ಇಲ್ಲ ಎನ್ನುತ್ತಾರಲ್ಲ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮುಷ್ಕರ ಮೂಲಭೂತ ಹಕ್ಕಲ್ಲವೆಂದು ಸುಪ್ರೀಂ ಕೋರ್ಟ್ 1962ರಲ್ಲೇ ಹೇಳಿದೆ. ಅದೇ ವರ್ಷ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ, ಶಾಂತಿಯುತ ಪ್ರದರ್ಶನಕ್ಕೆ ಸಂವಿಧಾನದ 19ನೇ ವಿಧಿಯ ರಕ್ಷಣೆಯಿದೆ ಎಂದೂ ಹೇಳಿದೆ. ಮೊದಲನೆಯ ಮಾತನ್ನು ಎಲ್ಲರೂ ಉದ್ಧರಿಸುತ್ತಾರೆ, ಎರಡನೆಯದು ಯಾರ ಬಾಯಲ್ಲೂ ಬರುವುದಿಲ್ಲ. ಮುಷ್ಕರವು ಕಾನೂನು ಮಾನ್ಯ ಮಾಡಿದ ಹಕ್ಕು, ಅದಕ್ಕೆ ಷರತ್ತುಗಳಿವೆ.

2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆ ಈ ಷರತ್ತುಗಳನ್ನು ಬಹಳ ಬಿಗಿಗೊಳಿಸಿದೆ. ಹಿಂದೆ ಸಾರ್ವಜನಿಕ ಉಪಯೋಗಿ ಸೇವೆಗಳಿಗೆ ಮಾತ್ರ ಇದ್ದ ಮುಂಗಡ ನೋಟಿಸಿನ ನಿಯಮ ಈಗ ಎಲ್ಲ ಕೈಗಾರಿಕೆಗಳಿಗೂ ಅನ್ವಯಿಸುತ್ತದೆ. ನೋಟಿಸು ಕೊಟ್ಟ 14 ದಿನಗಳೊಳಗೆ ಮುಷ್ಕರ ಮಾಡುವಂತಿಲ್ಲ, ಸಂಧಾನ ನಡೆಯುತ್ತಿರುವಾಗ ಮತ್ತು ಅದು ಮುಗಿದ ಏಳು ದಿನಗಳವರೆಗೆ ಮಾಡುವಂತಿಲ್ಲ, ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಮಂದಿ ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ಸಿಟ್ಟು ಬಂದ ದಿನ ಗೇಟಿನ ಮುಂದೆ ಕೂರುವ ನಮ್ಮ ಗುತ್ತಿಗೆ ಕಾರ್ಮಿಕರಿಗೆ ಕಾನೂನುಬದ್ಧವಾಗಿ ಮುಷ್ಕರ ಹೂಡುವುದು ಹೆಚ್ಚುಕಡಿಮೆ ಅಸಾಧ್ಯವಾಗಿದೆ. ಇದು ಅನ್ಯಾಯವೆಂದೇ ನನ್ನ ಖಚಿತ ಅಭಿಪ್ರಾಯ.

ಆದರೆ ನಿಮ್ಮ ಪ್ರಶ್ನೆಯ ಮರ್ಮ ಬೇರೆ ಕಡೆ ಇದೆ. ಕಾನೂನುಬಾಹಿರ ಮುಷ್ಕರಕ್ಕೆ ಸಂಹಿತೆ ವಿಧಿಸುವ ಶಿಕ್ಷೆಯೆಂದರೆ 1,000 ರೂಪಾಯಿಯಿಂದ 10,000 ರೂಪಾಯಿವರೆಗಿನ ದಂಡ ಅಥವಾ ಒಂದು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ. ಸರ್ಕಾರದ ಅಧಿಕೃತ ದೂರಿಲ್ಲದೆ ನ್ಯಾಯಾಲಯ ಅದನ್ನು ವಿಚಾರಣೆಗೆ ತೆಗೆದುಕೊಳ್ಳುವಂತೆಯೂ ಇಲ್ಲ. ಮೂಳೆ ಮುರಿಯುವುದು ಆ ಶಿಕ್ಷೆಗಳ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಮುಷ್ಕರ ಅಕ್ರಮವಾದ ಮಾತ್ರಕ್ಕೆ ಗೇಟಿನ ಮುಂದೆ ಸುಮ್ಮನೆ ಕುಳಿತವರು ಅಕ್ರಮ ಕೂಟವೂ ಆಗಿಬಿಡುವುದಿಲ್ಲ. ಅಕ್ರಮ ಕೂಟಕ್ಕೆ ಭಾರತೀಯ ನ್ಯಾಯ ಸಂಹಿತೆಯ 189ನೇ ಕಲಮಿನ ಪ್ರಕಾರ ಅಪರಾಧದ ಅಥವಾ ಬಲಪ್ರದರ್ಶನದ ಸಮಾನ ಉದ್ದೇಶ ಇರಬೇಕು. ಬೋನಸ್ ಕೇಳುವುದು ಅಂಥ ಉದ್ದೇಶವಲ್ಲ.

ಪ್ರಶ್ನೆ: ನನ್ನ ತಮ್ಮ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕಾರ್ಮಿಕ. ಓವರ್‌ಟೈಮ್ ಹಣಕ್ಕಾಗಿ ಗೇಟಿನ ಮುಂದೆ ಧರಣಿ ಕೂತಿದ್ದರು. ಅಂದು ರಾತ್ರಿ ಬಾಡಿಗೆ ಮನೆಯಿಂದ ಅವನನ್ನು ಕರೆದೊಯ್ದರು. ಎರಡು ದಿನ ಎಲ್ಲಿದ್ದಾನೆಂದು ತಿಳಿಯಲಿಲ್ಲ. ಮೂರನೆಯ ದಿನ ಕೋರ್ಟಿಗೆ ಹಾಜರುಪಡಿಸಿದಾಗ, ‘ಏನಾದರೂ ತೊಂದರೆ ಇದೆಯಾ’ ಎಂದು ಕೇಳಿದ್ದಕ್ಕೆ ಪಕ್ಕದಲ್ಲೇ ಪೊಲೀಸರು ನಿಂತಿದ್ದರಿಂದ ‘ಇಲ್ಲ’ ಎಂದುಬಿಟ್ಟನಂತೆ. ಈಗ ಜಾಮೀನಿನ ಮೇಲೆ ಹೊರಗಿದ್ದಾನೆ. ಎಡಗೈ ಮುಷ್ಟಿ ಬಿಗಿಯಾಗುವುದಿಲ್ಲ, ನಿದ್ದೆಯಲ್ಲಿ ಕೂಗಿಕೊಳ್ಳುತ್ತಾನೆ. ‘ಇಲ್ಲ’ ಎಂದ ಮೇಲೆ ಇನ್ನೇನೂ ಮಾಡುವಂತಿಲ್ಲ ಎನ್ನುತ್ತಾರೆ. ನಿಜವೇ? ಹೆಸರು, ಊರು ಹಾಕಬೇಡಿ.

ಉತ್ತರ: ನಿಜವಲ್ಲ. ಅಕ್ಕನಾಗಿ ನೀವು ಧೈರ್ಯಗೆಡಬೇಡಿ, ನಿಮ್ಮ ತಮ್ಮ ಅಂದು ‘ಇಲ್ಲ’ ಎಂದದ್ದಕ್ಕೆ ಅವರನ್ನು ಗದರಿಸಲೂ ಬೇಡಿ. ಪೊಲೀಸರ ವಶದಲ್ಲೇ ವಾಪಸು ಹೋಗಬೇಕಾದ ಮನುಷ್ಯ ಅವರ ಮುಂದೆ ಬೇರೆ ಏನು ಹೇಳಬಲ್ಲ? ಇದೇ ರೀತಿಯ ಪ್ರಕರಣವೊಂದು ಹರಿಯಾಣದಲ್ಲಿ ನಡೆದು ಹೈಕೋರ್ಟಿನವರೆಗೆ ಹೋಗಿದೆ. ಅದನ್ನು ಸ್ವಲ್ಪ ವಿವರವಾಗಿ ಹೇಳುವುದು ನಿಮಗೆ ಉಪಯೋಗವಾದೀತು.

ಸೋನಿಪತ್ ಜಿಲ್ಲೆಯ ಕುಂಡ್ಲಿ ಕೈಗಾರಿಕಾ ಪ್ರದೇಶದಲ್ಲಿ ಮಜ್ದೂರ್ ಅಧಿಕಾರ್ ಸಂಘಟನ್ ಎಂಬ ಸಂಘಟನೆ, ಕಾರ್ಖಾನೆಗಳು ಬಾಕಿ ಉಳಿಸಿಕೊಂಡ ಕೂಲಿಯನ್ನು ಕಾರ್ಮಿಕರಿಗೆ ಕೊಡಿಸಲು ಹೋರಾಡುತ್ತಿತ್ತು. 2021ರ ಜನವರಿ 12ರಂದು ಅಂಥದೊಂದು ಪ್ರತಿಭಟನೆಯ ವೇಳೆ ಅದರ ಕಾರ್ಯಕರ್ತೆ ನೋದೀಪ್ ಕೌರ್ ಅವರನ್ನು ಬಂಧಿಸಲಾಯಿತು. ಕೊಲೆಯತ್ನ, ಸುಲಿಗೆಯಂಥ ಆರೋಪಗಳನ್ನು ಹೊರಿಸಲಾಯಿತು. ಪೊಲೀಸರ ವಶದಲ್ಲಿ ತಮಗೆ ಹೊಡೆದರೆಂದು ಅವರು ಹೇಳಿದರು, ಪೊಲೀಸರು ಅಲ್ಲಗಳೆದರು. ಫೆಬ್ರುವರಿ 26ರಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಅವರಿಗೆ ಜಾಮೀನು ನೀಡಿತು. ಅದೇ ಸಂಘಟನೆಯ ದಲಿತ ಕಾರ್ಯಕರ್ತ ಶಿವ ಕುಮಾರ್ ಅವರನ್ನು ಜನವರಿ 16ರಂದೇ ಎತ್ತಿಕೊಂಡು ಹೋಗಿದ್ದರೆಂದು ಕುಟುಂಬ ಹೇಳಿತು. ಪೊಲೀಸರ ಕಾಗದದಲ್ಲಿ ಬಂಧನದ ದಿನಾಂಕ ಜನವರಿ 23 ಎಂದಿತ್ತು. ನಡುವಿನ ಏಳು ದಿನ ಅವರು ಎಲ್ಲೂ ಇರಲಿಲ್ಲ.

ಆ ಪ್ರಕರಣದ ದಿಕ್ಕು ಬದಲಿಸಿದ್ದು ಒಂದು ವೈದ್ಯಕೀಯ ವರದಿ. ಶಿವ ಕುಮಾರ್ ಅವರ ತಂದೆಯ ಅರ್ಜಿಯ ಮೇಲೆ ಹೈಕೋರ್ಟ್, ಸೋನಿಪತ್ತಿನ ಹೊರಗೆ, ಚಂಡೀಗಢದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ತಪಾಸಣೆಗೆ ಆದೇಶಿಸಿತು. ಅಲ್ಲಿನ ವೈದ್ಯರು ಕೈ ಮತ್ತು ಕಾಲಿನ ಮೂಳೆ ಮುರಿತಗಳನ್ನು, ಕಾಲ್ಬೆರಳುಗಳ ಉಗುರಿನ ಬುಡಕ್ಕೆ ಆದ ಹಾನಿಯನ್ನು ದಾಖಲಿಸಿ, ಅವು ಎರಡು ವಾರಗಳಿಗೂ ಹಳೆಯವು, ಮೊಂಡು ವಸ್ತುವಿನಿಂದ ಆದವು ಎಂದು ಬರೆದರು. ಗಾಯದ ವಯಸ್ಸು ಪೊಲೀಸರ ವಶದಲ್ಲಿದ್ದ ದಿನಗಳಿಗೆ ಸರಿಯಾಗಿ ಹೊಂದುತ್ತಿತ್ತು. ಮುಂದೆ ಹೈಕೋರ್ಟಿನ ಆದೇಶದಂತೆ ಫರೀದಾಬಾದಿನ ಜಿಲ್ಲಾ ನ್ಯಾಯಾಧೀಶರು ನಡೆಸಿದ ವಿಚಾರಣೆಯ ವರದಿ 2022ರ ಡಿಸೆಂಬರ್ ಹೊತ್ತಿಗೆ ಹೊರಬಂತು. ಅಕ್ರಮ ಬಂಧನವೂ ಚಿತ್ರಹಿಂಸೆಯೂ ನಡೆದದ್ದು ನಿಜವೆಂದು ಅದು ಹೇಳಿತು. ಬಂಧನದ ಅವಧಿಯಲ್ಲಿ ಸ್ಥಳೀಯ ಸರ್ಕಾರಿ ವೈದ್ಯರು ತಪಾಸಣೆ ಮಾಡಿದರೂ ಗಾಯಗಳು ಕಾಗದಕ್ಕೆ ಇಳಿಯಲೇ ಇಲ್ಲವೆಂಬುದನ್ನೂ, ರಿಮಾಂಡ್ ಮಾಡಿದ ಮ್ಯಾಜಿಸ್ಟ್ರೇಟರು ತಮ್ಮ ಕರ್ತವ್ಯ ನಿರ್ವಹಿಸಲಿಲ್ಲವೆಂಬುದನ್ನೂ ಅದು ಮುಚ್ಚಿಡಲಿಲ್ಲ.

ಹೊಡೆದ ಕೈ ಒಂದಾದರೆ, ನೋಡಿಯೂ ಬರೆಯದ ಕೈ ಇನ್ನೊಂದು. ನನ್ನ ಮಟ್ಟಿಗೆ ಎರಡನೆಯದರ ಪಾಲು ಕಡಿಮೆಯಲ್ಲ, ಏಕೆಂದರೆ ಅದು ಬರೆದಿದ್ದರೆ ಮೊದಲನೆಯದಕ್ಕೆ ಅಷ್ಟು ಧೈರ್ಯ ಬರುತ್ತಿರಲಿಲ್ಲ. ಬಂಧಿತರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕೆಂದು ಸಂವಿಧಾನದ 22ನೇ ವಿಧಿ ಹೇಳುವುದು ಹಾಳೆಗೆ ಸಹಿ ಹಾಕಿಸಲಿಕ್ಕಲ್ಲ. ಆ ಮನುಷ್ಯನನ್ನು ಒಬ್ಬ ನ್ಯಾಯಾಧಿಕಾರಿ ಕಣ್ಣಾರೆ ನೋಡಲಿ, ಕುಂಟುತ್ತಿದ್ದರೆ ಏಕೆಂದು ಕೇಳಲಿ ಎಂಬುದು ಅದರ ಉದ್ದೇಶ. ಪೊಲೀಸರನ್ನು ಹೊರಗೆ ಕಳುಹಿಸಿ ಕೇಳಲು ಮ್ಯಾಜಿಸ್ಟ್ರೇಟರಿಗೆ ಯಾವ ಅಡ್ಡಿಯೂ ಇಲ್ಲ.

ನಿಮ್ಮ ತಮ್ಮನ ವಿಷಯಕ್ಕೆ ಬರೋಣ. ಮೊದಲು ಜಿಲ್ಲಾ ಆಸ್ಪತ್ರೆ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜಿನ ಮೂಳೆ ವಿಭಾಗಕ್ಕೆ ಹೋಗಿ ಎಕ್ಸ್‌ರೇ ತೆಗೆಸಿ. ಕೂಡಿಕೊಂಡ ಮುರಿತವೂ ಅದರಲ್ಲಿ ಕಾಣಬಹುದು, ಅದರ ವಯಸ್ಸನ್ನು ವೈದ್ಯರು ಅಂದಾಜಿಸಬಲ್ಲರು. ಹೇಗೆ ಆಯಿತೆಂದು ಕೇಳಿದಾಗ ಬಿದ್ದೆ ಎನ್ನದೆ, ಆದದ್ದನ್ನೇ ಹೇಳಿ ಎಂಎಲ್‌ಸಿ (ಕಾನೂನು ಪ್ರಕರಣವೆಂದು ಆಸ್ಪತ್ರೆ ಮಾಡುವ ವೈದ್ಯಕೀಯ ದಾಖಲೆ) ಮಾಡಿಸಿ, ಗಾಯದ ಪ್ರಮಾಣಪತ್ರ ಕೇಳಿ ಪಡೆಯಿರಿ. ನಿದ್ದೆಯ ತೊಂದರೆಯನ್ನು ಮನೋವೈದ್ಯರಿಗೆ ತೋರಿಸಿ. ಅದು ಚಿಕಿತ್ಸೆಗೂ ಬೇಕು, ದಾಖಲೆಗೂ ಬೇಕು. ಎರಡನೆಯದಾಗಿ, ಜೈಲಿಗೆ ಸೇರಿಸಿಕೊಳ್ಳುವಾಗ ನಡೆಸಿದ ವೈದ್ಯಕೀಯ ತಪಾಸಣೆಯ ದಾಖಲೆಯನ್ನು ವಕೀಲರ ಮೂಲಕ ತರಿಸಿ. ಠಾಣೆಯಲ್ಲಿ ಆದ ಗಾಯದ ಹೊಣೆ ತಮ್ಮ ತಲೆಗೆ ಬರಬಾರದೆಂದು ಜೈಲಿನವರು ಎಷ್ಟೋ ಸಲ ಇದ್ದದ್ದನ್ನು ಇದ್ದಂತೆ ಬರೆದಿರುತ್ತಾರೆ. ಅನೇಕ ಪ್ರಕರಣಗಳಲ್ಲಿ ಉಳಿಯುವ ಏಕೈಕ ಪ್ರಾಮಾಣಿಕ ಸಾಲು ಅದೇ ಆಗಿರುತ್ತದೆ. ಬಂಧನದ ನಂತರದ ತಪಾಸಣೆಯ ವರದಿಯ ಪ್ರತಿಯನ್ನು ಬಂಧಿತರಿಗೆ ಅಥವಾ ಅವರು ಸೂಚಿಸಿದವರಿಗೆ ಕೊಡಬೇಕೆಂದು ಸುರಕ್ಷಾ ಸಂಹಿತೆಯ 53ನೇ ಕಲಮು ಹೇಳುತ್ತದೆ, ಅದನ್ನೂ ಕೇಳಿ. ದಸ್ತಗಿರಿ ಮೆಮೊದಲ್ಲಿರುವ ದಿನಾಂಕ, ಸಮಯ, ಸಾಕ್ಷಿಯ ಸಹಿಯನ್ನು ಗಮನಿಸಿ. ಮನೆಯವರೊಬ್ಬರು ಅಥವಾ ಸ್ಥಳೀಯ ಗೌರವಸ್ಥರೊಬ್ಬರು ಅದಕ್ಕೆ ಸಾಕ್ಷಿ ಹಾಕಿರಬೇಕು. ಎರಡು ದಿನ ನೀವು ಠಾಣೆಗೆ, ಪರಿಚಿತರಿಗೆ ಮಾಡಿದ ಕರೆಗಳ ವಿವರ, ಕಳುಹಿಸಿದ ವಾಟ್ಸಾಪ್ ಸಂದೇಶ ಯಾವುದನ್ನೂ ಅಳಿಸಬೇಡಿ. ಮೆಮೊದ ದಿನಾಂಕ ಸುಳ್ಳೆಂದು ತೋರಿಸುವ ಸಾಕ್ಷ್ಯ ನಿಮ್ಮ ಫೋನಿನಲ್ಲೇ ಇದೆ.

ಮಾನವ ಹಕ್ಕುಗಳ ಆಯೋಗಕ್ಕೆ ಘಟನೆ ನಡೆದ ಒಂದು ವರ್ಷದೊಳಗೆ ದೂರು ಕೊಡಬೇಕು, ಅವಧಿ ಮೀರಲು ಬಿಡಬೇಡಿ. ವಕೀಲರ ಖರ್ಚಿನ ಬಗ್ಗೆ ನೀವು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಕೈಗಾರಿಕಾ ಕಾರ್ಮಿಕರು, ಮಹಿಳೆಯರು, ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ.

ಪ್ರಶ್ನೆ: ನೀವು ಕಾರ್ಮಿಕರ ಪರವಾಗಿಯೇ ಬರೆಯುತ್ತೀರಿ. ನರಸಾಪುರದಲ್ಲಿ ಐಫೋನ್ ಕಾರ್ಖಾನೆಯನ್ನೇ ಧ್ವಂಸ ಮಾಡಿದರು. ಮಾನೇಸರದಲ್ಲಿ ಅಧಿಕಾರಿಯೊಬ್ಬರ ಪ್ರಾಣವೇ ಹೋಯಿತು. ಇಂಥವರಿಗೆ ಪೊಲೀಸರು ಹಾರ ಹಾಕಬೇಕಿತ್ತೇ?
– ನಿವೃತ್ತ ಉದ್ಯೋಗಿ, ಕೋಲಾರ

ಉತ್ತರ: ತಮ್ಮ ಕೋಪ ನನಗೆ ಅರ್ಥವಾಗುತ್ತದೆ. ಮಾನೇಸರದಲ್ಲಿ 2012ರ ಜುಲೈ 18ರಂದು ಮಾರುತಿ ಸುಜುಕಿಯ ಮಾನವ ಸಂಪನ್ಮೂಲ ವ್ಯವಸ್ಥಾಪಕರು ಸತ್ತದ್ದು ಘೋರ ಕೃತ್ಯ, ಅದನ್ನು ಯಾವ ಬೇಡಿಕೆಯೂ ಸಮರ್ಥಿಸಲಾರದು. ಮಾಡಿದವರಿಗೆ ಶಿಕ್ಷೆಯಾಗಬೇಕು. ಮಾಡಿದವರು ಯಾರೆಂದು ಪತ್ತೆ ಹಚ್ಚುವುದೇ ಪೊಲೀಸರ ಕೆಲಸ. ಆ ಕೆಲಸ ಹೇಗೆ ನಡೆಯಿತೆಂದು ದಯವಿಟ್ಟು ನೋಡಿ.

ಆ ಪ್ರಕರಣದಲ್ಲಿ 148 ಕಾರ್ಮಿಕರು ವಿಚಾರಣೆ ಎದುರಿಸಿದರು. ಹಲವರು ವರ್ಷಗಟ್ಟಲೆ ಜಾಮೀನಿಲ್ಲದೆ ಜೈಲಿನಲ್ಲಿದ್ದರು. 2017ರ ಮಾರ್ಚ್‌ನಲ್ಲಿ ಗುರುಗ್ರಾಮದ ಸೆಷನ್ಸ್ ನ್ಯಾಯಾಲಯ 31 ಮಂದಿಯನ್ನು ತಪ್ಪಿತಸ್ಥರೆಂದು ಹೇಳಿ, 117 ಮಂದಿಯನ್ನು ಖುಲಾಸೆ ಮಾಡಿತು. ಖುಲಾಸೆಯಾದವರ ಪೈಕಿ 89 ಜನರ ವಿರುದ್ಧ ಇದ್ದ ಆಧಾರ ಗುತ್ತಿಗೆದಾರರಾದ ನಾಲ್ವರು ಸಾಕ್ಷಿಗಳ ಹೇಳಿಕೆ. ಆ ಹೇಳಿಕೆಗಳಲ್ಲಿ ಆರೋಪಿಗಳ ಹೆಸರುಗಳು ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲಿ ಹಂಚಿಹೋಗಿದ್ದವು. ಒಬ್ಬ ಸಾಕ್ಷಿಗೆ ಮೊದಲ ಕೆಲವು ಅಕ್ಷರಗಳ ಹೆಸರಿನವರು ಮಾತ್ರ ಕಂಡರೆ, ಮುಂದಿನ ಸಾಕ್ಷಿಗೆ ಅಲ್ಲಿಂದ ಮುಂದಿನ ಅಕ್ಷರಗಳ ಹೆಸರಿನವರು ಮಾತ್ರ ಕಂಡಿದ್ದರು. ಗಲಭೆಯ ಹೊತ್ತಿನಲ್ಲಿ ಜನ ಹಾಜರಿ ಪುಸ್ತಕದ ಕ್ರಮದಲ್ಲಿ ಓಡಾಡುವುದಿಲ್ಲ. ಪಟ್ಟಿಯನ್ನು ಮುಂದಿಟ್ಟುಕೊಂಡೇ ಹೇಳಿಕೆ ಬರೆದರೆಂಬುದು ನ್ಯಾಯಾಲಯಕ್ಕೆ ಸ್ಪಷ್ಟವಾಯಿತು. ನಿಮ್ಮ ಮನೆಯ ಹುಡುಗನೊಬ್ಬ, ಆ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರಿತ್ತೆಂಬ ಒಂದೇ ಕಾರಣಕ್ಕೆ ಆ ಪಟ್ಟಿಗೆ ಸೇರಿದ್ದರೆ?

ನರಸಾಪುರ ನಿಮ್ಮ ಜಿಲ್ಲೆಯದೇ. 2020ರ ಡಿಸೆಂಬರ್ 12ರ ಬೆಳಿಗ್ಗೆ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಾಜು, ವಾಹನ, ಯಂತ್ರಗಳು ಪುಡಿಯಾದವು. 150ರ ಆಸುಪಾಸಿನಲ್ಲಿ ಜನರನ್ನು ಬಂಧಿಸಲಾಯಿತು. ಮೊದಲ ದೂರಿನಲ್ಲಿ 437 ಕೋಟಿ ರೂಪಾಯಿ ನಷ್ಟವೆಂದು ಹೇಳಲಾಯಿತು, ಕೆಲವೇ ದಿನಗಳಲ್ಲಿ ಕಂಪನಿಯೇ ಅದನ್ನು ಸುಮಾರು 26 ಕೋಟಿಯಿಂದ 52 ಕೋಟಿಗೆ ಇಳಿಸಿತು. ಮೊದಲ ಅಂಕಿಯೇ ಜನರ ನೆನಪಿನಲ್ಲಿ ಉಳಿಯಿತು. ಒಂದು ವಾರದ ನಂತರ, ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಕಾಲದಲ್ಲಿ ಸಂಬಳ ಕೊಟ್ಟಿರಲಿಲ್ಲವೆಂದು ಕಂಪನಿ ಒಪ್ಪಿಕೊಂಡು ತನ್ನ ಉಪಾಧ್ಯಕ್ಷರೊಬ್ಬರನ್ನು ತೆಗೆದುಹಾಕಿತು. ಆ್ಯಪಲ್ ಆ ಕಂಪನಿಗೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ಸಂಬಳದ ದೂರು ಕೇಳುವವರು ಮುಂಚೆಯೇ ಕೇಳಿದ್ದರೆ ಆ ಬೆಳಗು ಬರುತ್ತಿರಲಿಲ್ಲ. ಗಾಜು ಒಡೆದವರ ಮೇಲೆ ಮೊಕದ್ದಮೆ ಹೂಡುವುದಕ್ಕೆ ನನ್ನ ವಿರೋಧವಿಲ್ಲ. ‘ಹೆಸರು ವಿಳಾಸ ತಿಳಿಯದ ಇತರರು’ ಎಂದು ಎಫ್‌ಐಆರ್‌ನಲ್ಲಿ ಬರೆದು, ಆ ‘ಇತರರು’ ಎಂಬ ಜಾಗಕ್ಕೆ ಮುಂದೆ ಸಂಘ ಕಟ್ಟಿದವರ ಹೆಸರನ್ನು ತುಂಬುವ ಪದ್ಧತಿಗೆ ನನ್ನ ವಿರೋಧವಿದೆ.

ಪ್ರಶ್ನೆ: ಪೊಲೀಸರು ಹೊಡೆಯುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸುವುದು ಅಪರಾಧವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸಾರ್ವಜನಿಕ ಸ್ಥಳದಲ್ಲಿ ಅಡ್ಡಿಪಡಿಸದೆ ಚಿತ್ರೀಕರಿಸುವುದು ಅಪರಾಧವಲ್ಲ. ಚಿತ್ರೀಕರಿಸಿದ ಕೂಡಲೇ ಬೇರೊಬ್ಬರಿಗೆ ಕಳುಹಿಸಿಡಿ, ಮೂಲ ಕಡತವನ್ನು ಕತ್ತರಿಸಬೇಡಿ, ಹಾಡು ಸೇರಿಸಿ ಹಂಚಬೇಡಿ. ಫೋನು ಕಸಿದುಕೊಂಡರೆ ವಶಪಡಿಸಿಕೊಂಡ ಬಗ್ಗೆ ಪಂಚನಾಮೆ ಕೇಳಿ. ಗಾಯಗೊಂಡ ಹೆಣ್ಣುಮಕ್ಕಳ ಮುಖ ಕಾಣುವಂತೆ ಜಾಲತಾಣಕ್ಕೆ ಹಾಕುವ ಮೊದಲು ಅವರನ್ನು ಒಂದು ಮಾತು ಕೇಳಿ, ಮರುದಿನ ಅವರು ಅದೇ ಕಾರ್ಖಾನೆಯ ಗೇಟಿಗೆ ಹೋಗಬೇಕಾಗುತ್ತದೆ.

ಪ್ರಶ್ನೆ: ಮಾಲೀಕರು ಮತ್ತು ಕಾರ್ಮಿಕರ ಜಗಳದಲ್ಲಿ ಪೊಲೀಸರು ಯಾವಾಗಲೂ ಮಾಲೀಕರ ಕಡೆಯೇ ಏಕಿರುತ್ತಾರೆ?
– ಸ್ನಾತಕೋತ್ತರ ವಿದ್ಯಾರ್ಥಿ, ಕಲಬುರಗಿ

ಉತ್ತರ: ಒಬ್ಬೊಬ್ಬ ಪೊಲೀಸರ ಮನಸ್ಸಿನಲ್ಲಿ ಇದರ ಕಾರಣ ಹುಡುಕಿದರೆ ಸಿಗುವುದಿಲ್ಲ. ಲಾಠಿ ಹಿಡಿದ ಕಾನ್‌ಸ್ಟೆಬಲ್‌ನ ಅಕ್ಕನೋ ಅತ್ತಿಗೆಯೋ ಗಾರ್ಮೆಂಟ್ಸಿಗೆ ಹೋಗುವವಳೇ ಆಗಿರಬಹುದು. ಮುಖ್ಯವಾದದ್ದು ಸ್ಥಳಕ್ಕೆ ಯಾರು ಮೊದಲು ಬರುತ್ತಾರೆ ಎಂಬುದು. ಕೂಲಿ ಬಾಕಿ ಉಳಿಸಿಕೊಳ್ಳುವುದು ಕಾರ್ಮಿಕ ಇಲಾಖೆಯ ವಿಷಯ. ಅದಕ್ಕೆ ನೋಟಿಸು, ಸಂಧಾನ, ದಿನಾಂಕ, ಮುಂದೂಡಿಕೆ. ಗೇಟಿನ ಮುಂದೆ ಕೂರುವುದು ಠಾಣೆಯ ವಿಷಯ. ಅದಕ್ಕೆ ವ್ಯಾನು. ಆಡಳಿತ ಮಂಡಳಿ ಸಿವಿಲ್ ನ್ಯಾಯಾಲಯದಿಂದ ಗೇಟಿನ ಇಷ್ಟು ಮೀಟರ್ ಒಳಗೆ ಯಾರೂ ಕೂರಬಾರದೆಂಬ ತಡೆಯಾಜ್ಞೆ ತಂದರೆ ಪೊಲೀಸರಿಗೆ ಅದನ್ನು ಜಾರಿಗೊಳಿಸುವ ಅವಸರ. ಕನಿಷ್ಠ ಕೂಲಿಯ ಆದೇಶ ಜಾರಿಗೊಳಿಸಲು ಅಂಥ ವ್ಯಾನು ಯಾವತ್ತೂ ಬಂದದ್ದಿಲ್ಲ.

ಹಿಂಸೆ ಎಷ್ಟೋ ಸಲ ಆ ಕ್ಷಣದ ಉದ್ವೇಗವಲ್ಲ, ಹಿಂದಿನ ದಿನದ ತೀರ್ಮಾನ. ದಕ್ಷಿಣ ಆಫ್ರಿಕಾದ ಮರಿಕಾನಾದಲ್ಲಿ ತಿಂಗಳಿಗೆ 12,500 ರ‍್ಯಾಂಡ್ ಸಂಬಳ ಕೇಳಿ ಮುಷ್ಕರ ಹೂಡಿದ್ದ ಲೋನ್‌ಮಿನ್ ಕಂಪನಿಯ ಪ್ಲಾಟಿನಂ ಗಣಿ ಕಾರ್ಮಿಕರಲ್ಲಿ 34 ಮಂದಿ 2012ರ ಆಗಸ್ಟ್ 16ರಂದು ಪೊಲೀಸರ ಗುಂಡಿಗೆ ಬಲಿಯಾದರು. ಅದಕ್ಕೂ ಹಿಂದಿನ ದಿನಗಳಲ್ಲಿ ಇಬ್ಬರು ಪೊಲೀಸರು, ಇಬ್ಬರು ಕಾವಲುಗಾರರೂ ಸೇರಿ ಹತ್ತು ಮಂದಿ ಸತ್ತಿದ್ದರು. ಆ ದಿನ ಗುಂಡು ಹಾರಿದ್ದು ಆತ್ಮರಕ್ಷಣೆಗೆಂದು ಪೊಲೀಸರು ಹೇಳಿದರು. ಫಾರ್ಲಾಮ್ ಆಯೋಗದ ವಿಚಾರಣೆಯಲ್ಲಿ ಹೊರಬಿದ್ದ ಸಂಗತಿಯೆಂದರೆ, ಕಾರ್ಯಾಚರಣೆಯ ತೀರ್ಮಾನ ಹಿಂದಿನ ಸಂಜೆ ಹಿರಿಯ ಅಧಿಕಾರಿಗಳ ಸಭೆಯಲ್ಲೇ ಆಗಿತ್ತು, ಅಂದು ಬೆಳಿಗ್ಗೆಯೇ ಶವ ಸಾಗಿಸುವ ನಾಲ್ಕು ವಾಹನಗಳನ್ನು ಹೇಳಿಕಳುಹಿಸಲಾಗಿತ್ತು. ಗುಂಡಿನ ಮಳೆಯಲ್ಲಿ ಬದುಕುಳಿದು ಬಂಧಿತರಾದ ಸುಮಾರು 270 ಕಾರ್ಮಿಕರ ಮೇಲೆಯೇ, ತಮ್ಮ ಸಂಗಾತಿಗಳ ಕೊಲೆಯ ಆರೋಪ ಹೊರಿಸಿದ್ದರು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಅದನ್ನು ಕೈಬಿಟ್ಟರು.

ನಮ್ಮಲ್ಲೂ ಛತ್ತೀಸ್‌ಗಢದ ದಲ್ಲಿ ರಾಜ್‌ಹರಾ ಕಬ್ಬಿಣದ ಗಣಿಯಲ್ಲಿ 1977ರ ಜೂನ್ 2 ಮತ್ತು 3ರಂದು ನಡೆದದ್ದು ರಾತ್ರೋರಾತ್ರಿ ನಾಯಕ ಶಂಕರ ಗುಹಾ ನಿಯೋಗಿಯವರನ್ನು ಎತ್ತಿಕೊಂಡು ಹೋಗುವುದರಿಂದಲೇ ಶುರುವಾಯಿತು. ಅವರನ್ನು ಬಿಡುವಂತೆ ಪಟ್ಟು ಹಿಡಿದ ಗುತ್ತಿಗೆ ಕಾರ್ಮಿಕರ ಮೇಲೆ ಹಾರಿದ ಗುಂಡಿಗೆ 11 ಮಂದಿ ಬಲಿಯಾದರು. ನಾಯಕನನ್ನು ರಾತ್ರಿ ಹೊತ್ತು ಒಯ್ದರೆ ಬೆಳಗಾಗುವಷ್ಟರಲ್ಲಿ ಏನಾಗುತ್ತದೆಂಬುದು ಪೊಲೀಸರಿಗೆ ಗೊತ್ತಿಲ್ಲದ ವಿಷಯವಲ್ಲ.

ಪ್ರಶ್ನೆ: ಹೊಡೆದ ಪೊಲೀಸರ ವಿರುದ್ಧ ಅದೇ ಠಾಣೆಯಲ್ಲಿ ದೂರು ಕೊಡಲು ಹೋದರೆ ತೆಗೆದುಕೊಳ್ಳುತ್ತಾರೆಯೇ? ಶಿಕ್ಷೆಯಾಗುವ ಸಾಧ್ಯತೆ ಎಷ್ಟು?
– ಕಾರ್ಮಿಕ ಸಂಘದ ಪದಾಧಿಕಾರಿ, ಬಿಡದಿ

ಉತ್ತರ: ತೆಗೆದುಕೊಳ್ಳಬೇಕು. ಸಂಜ್ಞೇಯ ಅಪರಾಧದ, ಅಂದರೆ ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು 2013ರ ಲಲಿತಾ ಕುಮಾರಿ ತೀರ್ಪು ಹೇಳಿದೆ. ಬೇರೆ ಠಾಣೆಯಲ್ಲೂ ಕೊಡಬಹುದು. ತೆಗೆದುಕೊಳ್ಳದಿದ್ದರೆ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಎಸ್ಪಿಯವರಿಗೆ ಲಿಖಿತವಾಗಿ ಕಳುಹಿಸಿ, ಆಮೇಲೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ. ರಾಜ್ಯದಲ್ಲಿ ಪೊಲೀಸ್ ದೂರು ಪ್ರಾಧಿಕಾರವೂ ಇದೆ.

ಶಿಕ್ಷೆಯ ವಿಷಯದಲ್ಲಿ ನಿಮಗೆ ಸುಳ್ಳು ಭರವಸೆ ಕೊಡಲಾರೆ. ಕರ್ತವ್ಯದ ಸಂದರ್ಭದಲ್ಲಿ ಮಾಡಿದ ಕೃತ್ಯಕ್ಕೆ ಸರ್ಕಾರಿ ನೌಕರರ ಮೇಲೆ ಮೊಕದ್ದಮೆ ನಡೆಸಲು ಸರ್ಕಾರದ ಪೂರ್ವಾನುಮತಿ ಬೇಕು. ನಮ್ಮ ರಾಜ್ಯದಲ್ಲಿ ಅದರ ಜೊತೆಗೆ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮು ಇನ್ನೊಂದು ಬೇಲಿ. 2020ರಲ್ಲಿ ಕರ್ನಾಟಕದ್ದೇ ಪ್ರಕರಣವೊಂದರಲ್ಲಿ, ಡಿ. ದೇವರಾಜ ಅವರ ಮೇಲ್ಮನವಿಯಲ್ಲಿ, ಅಧಿಕಾರ ಮೀರಿದ ಕೃತ್ಯವಾದರೂ ಕರ್ತವ್ಯದೊಂದಿಗೆ ಸಂಬಂಧವಿದ್ದರೆ ಅನುಮತಿ ಬೇಕೇ ಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಹೊಡೆಸಿದ ಸರ್ಕಾರವೇ ಹೊಡೆದವರ ಮೇಲೆ ಮೊಕದ್ದಮೆಗೆ ಅನುಮತಿ ಕೊಡಬೇಕಾದ ಸ್ಥಿತಿಯಿದು. ಭಾರತ ಚಿತ್ರಹಿಂಸೆ ವಿರೋಧಿ ಅಂತರರಾಷ್ಟ್ರೀಯ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿದರೂ ಇಂದಿಗೂ ಅನುಮೋದಿಸಿಲ್ಲ. ಹೀಗಾಗಿ ಅನೇಕರು ಶಿಕ್ಷೆಗಿಂತ ಮೊದಲು ಹೈಕೋರ್ಟಿನಲ್ಲಿ ರಿಟ್ ಅರ್ಜಿಯ ಮೂಲಕ ಪರಿಹಾರ ಮತ್ತು ಸ್ವತಂತ್ರ ತನಿಖೆ ಕೇಳುತ್ತಾರೆ. ಅದಕ್ಕೆ ಪೂರ್ವಾನುಮತಿಯ ಅಡ್ಡಿ ಇಲ್ಲ.

ಇದಕ್ಕೆಲ್ಲ ಬೇಕಾದದ್ದು ಸಾಕ್ಷ್ಯ, ಅದು ಕರಗುವುದು ಬಹಳ ಬೇಗ. ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಯ ಪ್ರವೇಶದ್ವಾರ, ಲಾಕಪ್, ಮೊಗಸಾಲೆಗಳಲ್ಲಿ ಧ್ವನಿಯನ್ನೂ ದಾಖಲಿಸುವ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 18 ತಿಂಗಳು, ಅಷ್ಟು ಸಾಮರ್ಥ್ಯದ ಉಪಕರಣ ಸಿಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಿಡಬೇಕು ಎಂದು ಆದೇಶಿಸಿದೆ. ಆದರೂ ಕೇಳುವ ಹೊತ್ತಿಗೆ ಕ್ಯಾಮೆರಾ ಕೆಟ್ಟಿತ್ತು ಎಂಬ ಉತ್ತರ ಬರುವುದುಂಟು. ಆದ್ದರಿಂದ ನಿಮ್ಮ ಸಂಘದ ಯಾರನ್ನಾದರೂ ಠಾಣೆಗೆ ಒಯ್ದ ದಿನವೇ, ಇಂಥ ಗಂಟೆಯಿಂದ ಇಂಥ ಗಂಟೆಯವರೆಗಿನ ದೃಶ್ಯ ಉಳಿಸಿಡಿ ಎಂದು ಠಾಣಾಧಿಕಾರಿಗೂ ಎಸ್ಪಿಯವರಿಗೂ ಅರ್ಜಿ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ಮುದ್ರೆ ಹಾಕಲು ನಿರಾಕರಿಸಿದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಮುಷ್ಕರದ ನೋಟಿಸು ಬರೆಯುವ ದಿನವೇ ಈ ಅರ್ಜಿಯ ಖಾಲಿ ಪ್ರತಿಗಳನ್ನೂ ಬರೆದಿಡಿ. ಇಬ್ಬರು ವಕೀಲರ ಮತ್ತು ಹತ್ತಿರದ ಸರ್ಕಾರಿ ಆಸ್ಪತ್ರೆಯ ದೂರವಾಣಿ ಸಂಖ್ಯೆಗಳನ್ನು, ಜೊತೆಗೆ 15100 ಅನ್ನು, ಪದಾಧಿಕಾರಿಗಳಷ್ಟೇ ಅಲ್ಲದೆ ಪ್ರತಿಯೊಬ್ಬ ಸದಸ್ಯರ ಮನೆಯವರಿಗೂ ಕೊಟ್ಟಿಡಿ. ರಾತ್ರಿ ಹೊತ್ತು ಮನೆಯ ಬಾಗಿಲು ತೆರೆಯುವವರು ಅವರೇ.